ರೈಲಿನ ಗೆರೆ ಓದುವ ರುಚಿ

ಗ್ರಾಫಿನ ಮೇಲಿನ ಗೆರೆಯ ಇಳಿಜಾರು ಎಂದರೆ ಎರಡು ಅಂಕದ ಪ್ರಶ್ನೆ, ಅಷ್ಟೇ ಎಂದುಕೊಂಡವರು ಪ್ಯಾರಿಸ್–ಲಿಯಾನ್ ರೈಲುಗಳ ಹಳೆಯ ವೇಳಾಚಿತ್ರವನ್ನೊಮ್ಮೆ ನೋಡಬೇಕು. ವಿಜ್ಞಾನಿ ಎತಿಯೆನ್-ಜ್ಯೂಲ್ ಮರೇ ಅವರ 1885ರ ಪುಸ್ತಕದಲ್ಲಿ ಅದು ಅಚ್ಚಾಗಿದೆ. ಈ ವಿಧಾನ ಫ್ರೆಂಚ್ ಎಂಜಿನಿಯರ್ ಇಬ್ರಿ ಅವರದೆನ್ನುತ್ತಾರೆ. ಅಡ್ಡಕ್ಕೆ ದಿನದ ಗಂಟೆಗಳು. ಮೇಲ್ತುದಿಯಲ್ಲಿ ಪ್ಯಾರಿಸ್, ತಳದಲ್ಲಿ ಲಿಯಾನ್, ನಡುವಿನ ಊರುಗಳು ಅವುಗಳ ದೂರಕ್ಕೆ ತಕ್ಕ ಅಂತರದಲ್ಲಿ. ಒಂದೊಂದು ರೈಲಿಗೆ ಒಂದೊಂದು ಓರೆಗೆರೆ. ಒಟ್ಟು ನೋಡಿದರೆ ಬಲೆ ಹರಡಿದ ಹಾಗೆ.

ಗೆರೆ ಕಡಿದಾಗಿದ್ದರೆ ಎಕ್ಸ್‌ಪ್ರೆಸ್ಸು, ವಾಲಿಕೊಂಡಿದ್ದರೆ ಪ್ಯಾಸೆಂಜರ್ರು. ಗೆರೆ ಚಪ್ಪಟೆಯಾಗಿ ಮಲಗಿದ ಕಡೆ ರೈಲು ನಿಂತಿದೆ: ಹೊತ್ತು ಸರಿಯುತ್ತಿದೆ, ದೂರ ಸರಿಯುತ್ತಿಲ್ಲ, ಇಳಿಜಾರು ಸೊನ್ನೆ. ಎರಡು ಗೆರೆ ಕತ್ತರಿಸಿದಲ್ಲಿ ಎದುರುಬದುರಿನ ರೈಲುಗಳು ಹಾಯುತ್ತವೆ. ನೆಟ್ಟಗೆ ನಿಂತ ಗೆರೆ ಮಾತ್ರ ಸಿಗದು; ಒಂದೇ ಕ್ಷಣದಲ್ಲಿ ಎಲ್ಲ ಊರಲ್ಲೂ ಇರುವ ರೈಲು ಇನ್ನೂ ಹಳಿಗೆ ಬಂದಿಲ್ಲ.

ಇನ್ನು ಲೆಕ್ಕ. ಗೆರೆಯ ಮೇಲೆ ಎರಡು ಬಿಂದು ಆರಿಸಿ, ಆದಷ್ಟು ದೂರದೂರದವು, ಚೌಕದ ಮೂಲೆಗೆ ಸರಿಯಾಗಿ ಕೂತವು. ಹತ್ತಿರದವನ್ನು ಹಿಡಿದರೆ ಪೆನ್ಸಿಲ್ ಮೊನೆಯಷ್ಟು ತಪ್ಪೂ ಉತ್ತರ ಕೆಡಿಸುತ್ತದೆ. 8 ಗಂಟೆಗೆ 100ನೇ ಕಿಲೋಮೀಟರಿನಲ್ಲಿದ್ದ ರೈಲು 10 ಗಂಟೆಗೆ 180ರಲ್ಲಿದೆ ಅನ್ನಿ. 80ನ್ನು 2ರಿಂದ ಭಾಗಿಸಿ: ಗಂಟೆಗೆ 40 ಕಿ.ಮೀ. ಮೇಲುಕೆಳಗಿನ ವ್ಯತ್ಯಾಸ ಅಂಶದಲ್ಲಿ, ಅಡ್ಡದ್ದು ಛೇದದಲ್ಲಿ. ಇದನ್ನು ಒಮ್ಮೆಯಾದರೂ ತಿರುಗಾಮುರುಗಾ ಮಾಡದವರು ಕಡಿಮೆ. ಬರೀ ಚೌಕ ಎಣಿಸುವವರೂ ಎಡವುತ್ತಾರೆ. ಒಂದು ಚೌಕ ಎಂದರೆ 10 ಕಿಲೋಮೀಟರೋ 50 ಕಿಲೋಮೀಟರೋ, ಅಕ್ಷವನ್ನೇ ಕೇಳಬೇಕು. ಗಂಟೆಗಳ ಅಳತೆಯನ್ನು ಹಿಗ್ಗಿಸಿದರೆ ಎಂಥ ಎಕ್ಸ್‌ಪ್ರೆಸ್ಸೂ ಹಾಳೆಯ ಮೇಲೆ ಮಲಗಿಬಿಡುತ್ತದೆ. 40 ಮಾತ್ರ 40 ಆಗಿಯೇ ಉಳಿಯುತ್ತದೆ. ದೂರವನ್ನು ಲಿಯಾನಿನಿಂದ ಅಳೆದರೆ ಪ್ಯಾರಿಸ್ ಬಿಟ್ಟ ಗೆರೆಗಳಿಗೆ ಋಣ ಚಿಹ್ನೆ, ಎದುರಿನವಕ್ಕೆ ಧನ. (ಏರುವ ಗೆರೆಗೂ ನಾವು 'ಇಳಿಜಾರು' ಎಂದೇ ಅನ್ನುವುದು ತಮಾಷೆಯೇ ಸರಿ.)

ಹೀಗೆ ಬರೆದರೆ ನನಗೆ ಎಲ್ಲಕ್ಕಿಂತ ಇಷ್ಟವಾಗುವ ಗೆರೆ ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಟ್ಟದ್ದು. ಅಲ್ಲಿ ಹಳಿ 50 ಮೀಟರಿಗೆ 1 ಮೀಟರಿನಷ್ಟು ಕಡಿದು. ಸುಮಾರು 55 ಕಿ.ಮೀ. ದಾಟಲು ಎರಡು ಗಂಟೆಗೂ ಮಿಕ್ಕಿ ಬೇಕು. ಘಟ್ಟ ಕಡಿದಾದಲ್ಲೇ ಗ್ರಾಫಿನ ಗೆರೆ ವಾಲುತ್ತದೆ! ಗೆರೆಯನ್ನೇ ಬೆಟ್ಟವೆಂದು ನೋಡುವ ಕಣ್ಣು ಇಲ್ಲಿ ಪೂರ್ತಿ ಮೋಸ ಹೋಗುತ್ತದೆ. ಮುಂದಿನ ಸಲ ಆ ರೈಲು ಹತ್ತಿದಾಗ ಹಗಲಿನದ್ದೇ ಹತ್ತಿ, ಚೌಕಳಿ ಹಾಳೆಯೊಂದನ್ನು ಜೊತೆಗಿಟ್ಟುಕೊಳ್ಳಿ. ಹಳಿಬದಿಯ ಕಿಲೋಮೀಟರ್ ಕಂಬ ಕಂಡಾಗಲೆಲ್ಲ ಗಡಿಯಾರ ನೋಡಿ ಒಂದು ಚುಕ್ಕಿ ಇಡಿ.