ಉಚಿತವೂ ಸ್ವತಂತ್ರವೂ: ತಂತ್ರಾಂಶಗಳ ವಿಷಯದಲ್ಲಿ ಒಂದು ವಿಮರ್ಶೆ

ಬೆಲೆ ತೆತ್ತು ಪಡೆಯುವ ತಂತ್ರಾಂಶಗಳನ್ನು ಬಿಟ್ಟು ಮುಕ್ತ ತಂತ್ರಾಂಶಗಳನ್ನು ಆಶ್ರಯಿಸಬೇಕೆಂಬ ಮಾತು ಕನ್ನಡದ ಶಾಲೆ, ಗ್ರಂಥಾಲಯ, ಮುದ್ರಣಾಲಯಗಳಲ್ಲಿ ಕೇಳಿಬರುತ್ತಿರುವುದಷ್ಟೆ. ಇದನ್ನು ಸಮರ್ಥಿಸುವವರು ಬಹುಮಟ್ಟಿಗೆ ಹಣದ ಉಳಿತಾಯವನ್ನೇ ಮುಖ್ಯಹೇತುವಾಗಿ ಮುಂದಿಡುತ್ತಾರೆ. ಆ ಹೇತು ಅಸತ್ಯವಲ್ಲ, ದುರ್ಬಲವಾದುದು. ನಾಳೆ ಒಬ್ಬ ವ್ಯಾಪಾರಿಯು ತನ್ನ ತಂತ್ರಾಂಶವನ್ನು ಪುಕ್ಕಟೆಯಾಗಿ ಹಂಚತೊಡಗಿದರೆ ವಾದವೆಲ್ಲ ಕುಸಿದುಬೀಳುವುದು. ಆದುದರಿಂದ ಪಕ್ಷವನ್ನು ಒಪ್ಪುವವರೂ ಹೇತುವನ್ನು ಶೋಧಿಸಬೇಕಾಗಿದೆ.

ಗೊಂದಲದ ಮೂಲವು ಶಬ್ದದಲ್ಲಿಯೇ ಇದೆ. ಸಂಸ್ಕೃತದಲ್ಲಿ ‘ಉಚಿತ’ವೆಂದರೆ ಯೋಗ್ಯವಾದುದು, ಕನ್ನಡದ ರೂಢಿಯಲ್ಲಿ ಬೆಲೆಯಿಲ್ಲದುದೆಂಬ ಅರ್ಥವೂ ಅದಕ್ಕೆ ಕೂಡಿಕೊಂಡಿದೆ. ಇಂಗ್ಲಿಷಿನ ‘ಫ್ರೀ’ ಎಂಬುದಕ್ಕೂ ಇಂತಹ ಎರಡರ್ಥಗಳುಂಟು. ಆದರೆ 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಸಾರಿದ ಗ್ನೂ ಯೋಜನೆಯಿಂದ ಬೆಳೆದುಬಂದ ಲಕ್ಷಣದಲ್ಲಿ ಬೆಲೆಯ ಪ್ರಸ್ತಾಪವೇ ಇಲ್ಲ. ಬೇಕಾದ ಕಾರ್ಯಕ್ಕೆ ಬಳಸುವುದು, ಒಳರಚನೆಯನ್ನು ಪರಿಶೀಲಿಸಿ ಮಾರ್ಪಡಿಸುವುದು, ಪ್ರತಿಗಳನ್ನು ಹಂಚುವುದು, ತಿದ್ದಿದ ಪ್ರತಿಯನ್ನೂ ಹಂಚುವುದು—ಈ ನಾಲ್ಕು ಅಧಿಕಾರಗಳು ಬಳಕೆದಾರನಿಗಿರಬೇಕೆಂಬುದೇ ಅದರ ಸಾರ.

ಪಾಣಿನಿಯ ವ್ಯಾಕರಣದಲ್ಲಿ ಕರ್ತೃವಿನ ಲಕ್ಷಣವು ಸ್ವಾತಂತ್ರ್ಯ. ಕಾರ್ಯಸಿದ್ಧಿಗೆ ಅತ್ಯಂತ ಸಾಧಕವಾದುದು ಕರಣ. ಬರೆಯುವವನು ಕರ್ತೃ, ತಂತ್ರಾಂಶವು ಕರಣ. ಆ ಕರಣವು ಕರ್ತೃವನ್ನೇ ತನಗೆ ಅಧೀನನನ್ನಾಗಿ ಮಾಡಿಕೊಂಡರೆ ಕಾರಕವ್ಯವಸ್ಥೆಯೇ ತಲೆಕೆಳಗಾಗುವುದು. ‘ಸ್ವತಂತ್ರ ತಂತ್ರಾಂಶ’ವೆಂಬ ಮಾತಿನಲ್ಲಿಯೂ ಸ್ವಾತಂತ್ರ್ಯವು ವಸ್ತುವಿನದಲ್ಲ, ಅದನ್ನು ಬಳಸುವವನದು.

ಈ ಮಾತಿಗೆ ಕನ್ನಡದಲ್ಲಿಯೇ ನಿದರ್ಶನವುಂಟು. ಯೂನಿಕೋಡ್ ರೂಢಿಗೆ ಬರುವ ಮುನ್ನ ಕನ್ನಡಾಕ್ಷರಗಳ ತುಂಡುಗಳನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಇರಿಸಿದ ಫಾಂಟುಗಳಿಂದಲೇ ಮುದ್ರಣವು ನಡೆಯುತ್ತಿದ್ದಿತು. ಫಾಂಟನ್ನು ತೆಗೆದರೆ ಉಳಿಯುವುದು ಅರ್ಥವಿಲ್ಲದ ಅಕ್ಷರರಾಶಿ. ಬೆಲೆಯುಳ್ಳ ‘ಶ್ರೀಲಿಪಿ’ಯಲ್ಲಿ ಈ ದೋಷವಿದ್ದಂತೆಯೇ ಸರ್ಕಾರದ ಆಶ್ರಯದಲ್ಲಿ ಬೆಲೆಯಿಲ್ಲದೆ ದೊರೆತ ‘ನುಡಿ’ಯ ಹಳೆಯ ಫಾಂಟುಗಳಲ್ಲಿಯೂ ಇದ್ದಿತು. ಬೆಲೆಯಿಲ್ಲದಿರುವುದರಿಂದ ಬಂಧನವು ಬಿಡಲಿಲ್ಲ. 1874ರಲ್ಲಿ ಬಂಟ್ವಾಳದಲ್ಲಿ ಜನಿಸಿ 1937ರಲ್ಲಿ ಗತಿಸಿದ ಪಂಜೆ ಮಂಗೇಶರಾಯರ ಕೃತಿಗಳ ಮೇಲಣ ಗ್ರಂಥಸ್ವಾಮ್ಯವು ಎಂದೋ ಮುಗಿದಿದೆ. ಅಂತಹ ಕೃತಿಯೊಂದನ್ನು ಹಳೆಯ ಫಾಂಟಿನಲ್ಲಿ ಅಣಿಗೊಳಿಸಿಟ್ಟರೆ, ಕೃತಿಯು ಸರ್ವರದಾದರೂ ಅದರ ಗಣಕಪ್ರತಿಯು ಆ ಫಾಂಟನ್ನುಳ್ಳವರದು ಮಾತ್ರವಾಗುವುದು.

ಮೂಡಬಿದಿರೆಯ ಇತಿಹಾಸವು ಇದಕ್ಕೆ ಪ್ರತಿಯಾದ ಪಾಠವನ್ನು ಕಲಿಸುತ್ತದೆ. ಪ್ರಾಕೃತದ ಷಟ್ಖಂಡಾಗಮವೂ ವೀರಸೇನಾಚಾರ್ಯರ ಧವಲಾ ಟೀಕೆಯೂ ಅಲ್ಲಿ ಹಳಗನ್ನಡ ಲಿಪಿಯ ತಾಳೆಯೋಲೆಗಳಲ್ಲಿ ಶತಮಾನಗಳ ಕಾಲ ಉಳಿದು, ಬಳಿಕ ನಾಗರಿಗೆ ಪ್ರತಿಯಾಗಿ, 1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟವಾಗಿ ಅಮರಾವತಿಯಿಂದ ಪ್ರಕಟವಾದುವು. ಭಂಡಾರದ ಬಾಗಿಲು ತೆರೆಯುವುದು ತಡವಾಯಿತೆಂಬುದು ನಿಜ. ಆದರೆ ತೆರೆದ ಮೇಲೆ ಓಲೆಯನ್ನು ಓದುವುದಕ್ಕೆ ಕಂಟವನ್ನು ಮಾಡಿದವನ ಅಪ್ಪಣೆ ಬೇಕಾಗಲಿಲ್ಲ.

ಯೂನಿಕೋಡ್ ಬೆಲೆಯುಳ್ಳ ತಂತ್ರಾಂಶಗಳಲ್ಲಿಯೂ ಇರುವುದರಿಂದ ಬದಲಾವಣೆಯೇಕೆಂದು ಪೂರ್ವಪಕ್ಷಿಯು ಕೇಳಬಹುದು. ಅಕ್ಷರಗಳ ಮಟ್ಟಿಗೆ ಈ ಆಕ್ಷೇಪವು ಸರಿಯಾದುದೇ. ಆದರೆ ಎರಡು ಅಂಶಗಳು ಉಳಿಯುತ್ತವೆ. ಮೊದಲನೆಯದು ಕಡತದ ರಚನೆ: ಲಿಬ್ರೆ ಆಫೀಸ್ ಬಳಸುವ ಓಪನ್ ಡಾಕ್ಯುಮೆಂಟ್ ರಚನೆಯು 2006ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ, ಅದರ ವಿವರವು ಎಲ್ಲರಿಗೂ ತೆರೆದಿದೆ. ಎರಡನೆಯದು ತಿದ್ದುವ ಅಧಿಕಾರ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದ ಸಂಗ್ರಹದಲ್ಲಿ ತಿಗಳಾರಿ ಲಿಪಿಯ ಓಲೆಗಳುಂಟು. ಆ ತುಳು-ತಿಗಳಾರಿ ಲಿಪಿಯು ಯೂನಿಕೋಡಿಗೆ ಸೇರಿದುದು 2024ರಲ್ಲಿ. ಕೊಳ್ಳುವವರು ವಿರಳವಾದ ಇಂತಹ ಲಿಪಿಗೆ ಫಾಂಟನ್ನು ಮಾಡುವುದರಲ್ಲಿ ವ್ಯಾಪಾರಿಗೆ ಲಾಭವೇನು? ಮುಕ್ತ ಪರವಾನಗಿಯ ಫಾಂಟಾದರೆ ಲಿಪಿಯನ್ನು ಬಲ್ಲವರು ತಪ್ಪಿದ ಸಂಯುಕ್ತಾಕ್ಷರವನ್ನು ತಾವೇ ತಿದ್ದಬಹುದು.

ಈ ಔದಾರ್ಯವು ಈ ನಾಡಿಗೆ ಹೊಸದೂ ಅಲ್ಲ. ಮಂಗಳೂರಿನ ಸಮೀಪದ ಕಿನ್ನಿಕಂಬಳದ ಕೆ. ಪಿ. ರಾಯರು ತಮ್ಮ ಕನ್ನಡ ಕೀಲಿಮಣೆಯ ವಿನ್ಯಾಸವನ್ನು ಲೋಕಕ್ಕೇ ಬಿಟ್ಟುಕೊಟ್ಟರು. ಛಂದೋವಿದ್ವಾಂಸರಾದ ಸೇಡಿಯಾಪು ಕೃಷ್ಣ ಭಟ್ಟರ ಹೆಸರನ್ನು ತಮ್ಮ ತಂತ್ರಾಂಶಕ್ಕೆ ಇಟ್ಟರು. ಬಂಟ್ವಾಳಕ್ಕೆ ಹೊಂದಿದ ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳಲ್ಲಿಯೂ ಕೇರಳ ಸರ್ಕಾರದ ಯೋಜನೆಯಂತೆ ಗ್ನೂ-ಲಿನಕ್ಸ್ ವ್ಯವಸ್ಥೆಯಲ್ಲಿಯೇ ಗಣಕಶಿಕ್ಷಣವು ನಡೆಯುತ್ತಿದೆ.

ಹೀಗಿದ್ದರೂ ಬದಲಾವಣೆಯು ನಿರಾಯಾಸವೆಂದು ಹೇಳುವುದು ವಂಚನೆಯಾದೀತು. ಹಳೆಯ ಕಡತಗಳ ಪರಿವರ್ತನೆಯು ಒಂದು ಪ್ರತಿಲೇಖನವೇ. ಲಿಪಿಕಾರನ ದೋಷಗಳೆಲ್ಲ ಅದರಲ್ಲಿ ಸಂಭವಿಸುತ್ತವೆ. ‘ಧರ್ಮ’ವೆಂಬಲ್ಲಿ ಹಳೆಯ ಫಾಂಟು ಮಕಾರದ ಮುಂದೆ ಅರ್ಕಾವತ್ತನ್ನು ಬರೆಹದ ಕ್ರಮದಲ್ಲಿ ಇಡುತ್ತಿದ್ದಿತು; ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಂತೆ ರೇಫವೇ ಮೊದಲು. ಈ ಕ್ರಮವು ತಪ್ಪಿದರೆ ಶಬ್ದವೇ ಕೆಡುವುದು. ಹಳಗನ್ನಡದಲ್ಲಿ ಅಪಾಯವು ಇನ್ನೂ ಹೆಚ್ಚು: ೞಕಾರವು ಳಕಾರವಾದರೆ ಜೀವಿಸು ಎಂಬರ್ಥದ ‘ಬಾೞ್’ ಕತ್ತಿಯೆಂಬರ್ಥದ ‘ಬಾಳ್’ ಆಗಿಬಿಡುವುದು. ಯೂನಿಕೋಡಿನಲ್ಲಿ ೞಕಾರಕ್ಕೆ ಸ್ಥಾನವಿದೆ. ಹೆಸರು ಮಾತ್ರ ಪ್ರಮಾದದಿಂದ ‘ಫ’ ಎಂದು ದಾಖಲಾಗಿ, ಹೆಸರುಗಳನ್ನು ಬದಲಿಸಕೂಡದೆಂಬ ನಿಯಮದಿಂದ ಹಾಗೆಯೇ ನಿಂತಿದೆ. ಯಂತ್ರವನ್ನು ನಂಬಿ ಮೂಲದೊಡನೆ ತಾಳೆನೋಡದ ಸಂಪಾದಕನಿಗೆ ಯಾವ ತಂತ್ರಾಂಶವೂ ರಕ್ಷೆಯಾಗಲಾರದು.

ಆದುದರಿಂದ ಹಣದ ಉಳಿತಾಯವನ್ನು ಆನುಷಂಗಿಕ ಫಲವೆಂದೆಣಿಸಿ, ಪಾಠದ ಸ್ವಾತಂತ್ರ್ಯವನ್ನೇ ಮುಖ್ಯ ಪ್ರಯೋಜನವೆಂದು ಗ್ರಹಿಸುವುದು ಯುಕ್ತವಾಗಿದೆ. ಉಳಿದ ಹಣದಲ್ಲಿ ಒಂದು ಭಾಗವನ್ನಾದರೂ ಹಳೆಯ ಕಡತಗಳ ಪರಿವರ್ತನೆಗೂ ಪಾಠಶೋಧನೆಗೂ ವಿನಿಯೋಗಿಸಿದರೆ, ಉಚಿತವೆಂಬ ಶಬ್ದಕ್ಕೆ ಅದರ ಮೂಲಾರ್ಥವೂ ಮರಳಿ ಬಂದಂತಾಗುವುದು.