ಟೋನ್ ಕೊಳ್ಳುವ ಮೊದಲು ಅಟ್ಯಾಕ್ ತಿರುಗಿಸಿ

ನವೆಂಬರ್ ಬಂತೆಂದರೆ ಅನ್ನಪೂರ್ಣೇಶ್ವರಿ ನಗರ, ನಾಗರಬಾವಿ, ವಿಜಯನಗರ ಎಲ್ಲೆಡೆ ರಾಜ್ಯೋತ್ಸವದ ಆರ್ಕೆಸ್ಟ್ರಾ. ಯಾವ ಸ್ಟೇಜ್ ನೋಡಿದ್ರೂ ಒಂದು ಕೀಬೋರ್ಡು, ಪಕ್ಕದಲ್ಲಿ ರೋಲ್ಯಾಂಡ್ ಆಕ್ಟಾಪ್ಯಾಡ್. ಹಾಡೋರು ಬೇರೆ ಬೇರೆ. ಕೊಳಲು, ಶಹನಾಯಿ, ತಮಟೆ ಮಾತ್ರ ಎಲ್ಲಾ ಕಡೆ ಅದೇ. ಟೋನ್‌ಗಳು ಪೆನ್‌ಡ್ರೈವ್‌ನಲ್ಲಿ ದುಡ್ಡಿಗೆ ಸಿಗುತ್ತವೆ, ತಂದು ಹಾಕ್ಕೊಂಡರೆ ಮುಗೀತು. ಹೊಟ್ಟೆಪಾಡಿಗೆ ನುಡಿಸೋರ ಮೇಲೆ ನನಗೆ ತಕರಾರಿಲ್ಲ. ತಕರಾರಿರೋದು ಹೊಸದಾಗಿ ಸಿಂಥಸೈಜರ್ ಕಲಿಯೋರಿಗೆ ಕೊಡುವ ಪಾಠದ ಮೇಲೆ.

ಆ ಪಾಠ ಸಾಮಾನ್ಯವಾಗಿ ಶುರುವಾಗೋದು ಸಾ-ಟೂತ್, ಸ್ಕ್ವೇರ್, ಟ್ರಯಾಂಗಲ್ ಅಂತ ತರಂಗಗಳ ಹೆಸರು ಬಾಯಿಪಾಠ ಮಾಡಿಸಿ. ಇಂಜಿನಿಯರಿಂಗ್ ಮೊದಲ ವರ್ಷದ ಲ್ಯಾಬ್ ಥರಾ! ಆದರೆ ನಮ್ಮ ಕಿವಿ ವಾದ್ಯವನ್ನು ಗುರುತು ಹಿಡಿಯೋದರಲ್ಲಿ ಸದ್ದಿನ ಮೊದಲ ಕ್ಷಣದ ಪಾತ್ರ ದೊಡ್ಡದು. ರೆಕಾರ್ಡಿಂಗ್‌ನಲ್ಲಿ ಆ ಆರಂಭವನ್ನಷ್ಟೇ ಕತ್ತರಿಸಿದರೆ ಯಾವ ವಾದ್ಯ ಅಂತ ಹೇಳೋದು ಕಷ್ಟ. ಹಾಗಾಗಿ ಮೊದಲ ಪಾಠ ಎನ್ವಲಪ್ ಆಗಬೇಕು. ಗುಡಿಯ ಗಂಟೆ ತಟ್ಟನೆ ಹುಟ್ಟಿ ನಿಧಾನಕ್ಕೆ ಸಾಯುತ್ತದೆ: ಅಟ್ಯಾಕ್ ಸೊನ್ನೆ, ಡಿಕೇ ಉದ್ದ. ಕೊಳಲಿಗೆ ಉಸಿರು ತುಂಬಬೇಕು: ಅಟ್ಯಾಕ್ ತುಸು ನಿಧಾನ, ಸಸ್ಟೈನ್ ಪೂರ್ತಿ. ತರಂಗ ಬದಲಿಸದೆ ಇವೆರಡನ್ನೇ ತಿರುಗಿಸಿ ನೋಡಿ, ಮೀಟಿದ ತಂತಿ ಕಮಾನು ಎಳೆದ ತಂತಿಯ ಹಾಗೆ ಕೇಳುತ್ತದೆ.

1983ರಲ್ಲಿ ಬಂದ ಯಮಹಾ ಡಿಎಕ್ಸ್7ನಲ್ಲಿ ಹೀಗೆ ಆಡೋದು ಸುಲಭವಿರಲಿಲ್ಲ. 6 ಆಪರೇಟರ್, ಪುಟ್ಟ ಪರದೆ, ರಾಶಿ ಬಟನ್ನು. ಜನ ಫ್ಯಾಕ್ಟರಿ ಸದ್ದಿಗೇ ಅಂಟಿಕೊಂಡರು, ಅದರ ಎಲೆಕ್ಟ್ರಿಕ್ ಪಿಯಾನೋ ಆ ಕಾಲದ ಪಾಪ್ ಹಾಡುಗಳ ತುಂಬ ಇದೆ. 2016ರ ಕೋರ್ಗ್ ಮಿನಿಲಾಗ್‌ನಲ್ಲಿ ಆ ನೆಪ ಇಲ್ಲ. ಮುಖ್ಯವಾದ ಗುಂಡಿಗಳೆಲ್ಲ ಕೈಗೆ ಸಿಗುತ್ತವೆ, ಪರದೆಯಲ್ಲಿ ತರಂಗದ ಆಕಾರವೂ ಕಾಣುತ್ತದೆ. ಇಷ್ಟಾದ ಮೇಲೂ ಪ್ರಿಸೆಟ್ ಒತ್ತುತ್ತಾ ಕೂತರೆ ಸೋಮಾರಿತನ ಅನ್ನದೆ ಏನನ್ನೋಣ?

ಒಂದು ತಮಟೆ ಮಾಡಿ ನೋಡಿ. ಖಾಲಿ ಪ್ರೋಗ್ರಾಮ್ ತೆಗೀರಿ. ಎರಡನೇ ಆಸಿಲೇಟರ್ ಮಾತ್ರ ಇರಲಿ, ಟ್ರಯಾಂಗಲ್. ಆಂಪ್ಲಿಟ್ಯೂಡ್ ಎನ್ವಲಪ್‌ನಲ್ಲಿ ಅಟ್ಯಾಕ್ ಸೊನ್ನೆ, ಸಸ್ಟೈನ್ ಸೊನ್ನೆ, ಡಿಕೇ ಗಿಡ್ಡ. ಇನ್ನೊಂದು ಎನ್ವಲಪ್ಪನ್ನೂ ಹಾಗೇ ಇಟ್ಟು, ಪಿಚ್ ಇಜಿ ಇಂಟ್ ಗುಂಡಿಯನ್ನು ಸ್ವಲ್ಪ ಬಲಕ್ಕೆ ತಿರುಗಿಸಿ. ಪೆಟ್ಟು ಬಿದ್ದ ಕ್ಷಣ ಶ್ರುತಿ ಮೇಲಿದ್ದು ಸರ್ರನೆ ಇಳಿಯುತ್ತದೆ, ಚರ್ಮ ಮಾಡೋದೂ ಅದನ್ನೇ. ನಾಯ್ಸ್ ಚಿಟಿಕೆಯಷ್ಟು ಸೇರಿಸಿ. ಫಿಲ್ಟರ್ ಕೂಡ ಅದೇ ಎನ್ವಲಪ್‌ನಿಂದ ಬೇಗ ಮುಚ್ಚಲಿ.

ಈಗ ಬರೋದು ಬರೀ ಡ್ರಮ್ಮು. ತಮಟೆ ಆಗಲು ಇನ್ನೂ ಕೆಲಸ ಇದೆ. ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸುತ್ತಾರೆ, ಚರ್ಮ ಬಿಗಿಯಾಗಿ ಶ್ರುತಿ ಏರುತ್ತದೆ. ನೀವೂ ಪಿಚ್ ಏರಿಸಿ. ದಪ್ಪ ಕೋಲಿನ ಪೆಟ್ಟು ಬೇರೆ, ತೆಳು ಕಡ್ಡಿಯ ಚಟ್ ಬೇರೆ, ಅಂದ್ರೆ ಎರಡು ಪ್ರೋಗ್ರಾಮ್ ಬೇಕು. ಕಡ್ಡಿಗೆ ನಾಯ್ಸ್ ಜಾಸ್ತಿ, ಡಿಕೇ ಇನ್ನೂ ಗಿಡ್ಡ. ಪೆನ್‌ಡ್ರೈವ್ ತಮಟೆಯಲ್ಲಿ ನನಗೆ ಕೇಳಿಸದ್ದು ಈ ವ್ಯತ್ಯಾಸವೇ. ಎಷ್ಟು ಸಲ ಹೊಡೆದರೂ ಅದೇ ಒಂದು ಪೆಟ್ಟು, ಸ್ಟಾಂಪ್ ಒತ್ತಿದ ಹಾಗೆ.

2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆಗಾಗಿ ಪದ್ಮಶ್ರೀ ಬಂತು. ಅವರು ನುಡಿಸುವ ವಿಡಿಯೋ ಹಾಕಿಕೊಂಡು, ಹೆಡ್‌ಫೋನ್‌ನ ಒಂದು ಕಿವಿಯಲ್ಲಿ ಅವರು, ಇನ್ನೊಂದರಲ್ಲಿ ನಿಮ್ಮ ಮಿನಿಲಾಗ್ ಇಟ್ಟು ಗುಂಡಿ ತಿರುಗಿಸಿ. ಪೂರ್ತಿ ಹೊಂದಲ್ಲ, ಹೊಂದಬೇಕಾಗಿಯೂ ಇಲ್ಲ. ಎಲ್ಲಿ ಹೊಂದಲ್ಲ ಅಂತ ಕಿವಿ ಹೇಳತೊಡಗಿದಾಗ ಆ ಪ್ರೋಗ್ರಾಮನ್ನು ಸೇವ್ ಮಾಡಿ, ನಿಮ್ಮ ಊರಿನ ಹೆಸರು ಕೊಟ್ಟು.