ಕರಾರಿನಲ್ಲಿ ಬರೆಯದ ಷರತ್ತು

ಬಾಡಿಗೆ ಕರಾರನ್ನು ನಾವು ಓದೋದಿಲ್ಲ, ಸಹಿ ಹಾಕ್ತೀವಿ. ಗೆಳೆಯರೇ, ಕತೆ ಕಾದಂಬರಿ ಓದುವ ಹಾಗೆ ಒಮ್ಮೆ ಅದನ್ನೂ ಓದೋಣ. ಅವಧಿ ಹನ್ನೊಂದು ತಿಂಗಳು. ಯಾಕೆ? 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ಅದನ್ನು ತಪ್ಪಿಸಿಕೊಳ್ಳೋ ಉಪಾಯ ಇದು. ಆಮೇಲೆ ಮುಂಗಡ, ಸುಣ್ಣಬಣ್ಣದ ಖರ್ಚು, ಬಾಡಿಗೆ ಏರಿಕೆ. ಹಕ್ಕೆಲ್ಲ ಮಾಲೀಕನದು, ಕರ್ತವ್ಯವೆಲ್ಲ ಬಾಡಿಗೆದಾರನದು.

ಆದರೆ ಮೊದಲ ಷರತ್ತೇ ಈ ಪತ್ರದಲ್ಲಿಲ್ಲ. ಅದು ಬಾಗಿಲಲ್ಲೇ ಮುಗಿದಿರುತ್ತೆ: 'ನೀವು ಯಾವ ಜನ?' ನಿಜ ಹೇಳಿದ ದಲಿತ ಮೇಷ್ಟ್ರಿಗೆ ಸಿಗೋ ಉತ್ತರ, 'ನಿನ್ನೇನೇ ಬೇರೆಯವರಿಗೆ ಕೊಟ್ಟುಬಿಟ್ವಲ್ಲ.' 'ಮನೆ ಬಾಡಿಗೆಗಿದೆ' ಅನ್ನೋ ಬೋರ್ಡು ಮಾತ್ರ ಇಳಿಯೋದಿಲ್ಲ. 1917ರಲ್ಲಿ, ಕೊಲಂಬಿಯಾದಲ್ಲಿ ಓದಿ ಬಂದ ಅಂಬೇಡ್ಕರರನ್ನು ಬರೋಡಾದ ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡಿದು ಹೊರಗಟ್ಟಿದರು. ಇವತ್ತು ದೊಣ್ಣೆ ಬೇಕಿಲ್ಲ, ನಯವಾದ ಸುಳ್ಳು ಸಾಕು.

ಸರ್ಕಾರದ ಕಾನೂನು ಏನನ್ನುತ್ತೆ? 1999ರ ಕರ್ನಾಟಕ ಬಾಡಿಗೆ ಕಾಯ್ದೆ ಜಾರಿಗೆ ಬಂದದ್ದು 2001ರ ಡಿಸೆಂಬರ್ 31ರಂದು. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ಅದು ಹುಟ್ಟುವಾಗಲೇ ಹೊರಗಿಟ್ಟಿತು. 2021ರಲ್ಲಿ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ಬಂತು. ವಾಸದ ಮನೆಯ ಮುಂಗಡ ಎರಡು ತಿಂಗಳ ಬಾಡಿಗೆ ಮೀರಬಾರದು ಅಂದಿತು. ಆದರೆ ಅದು ಬರೀ ಮಾದರಿ. ರಾಜ್ಯ ಒಪ್ಪಿದರೆ ಮಾತ್ರ ಕಾನೂನು. ಎರಡರ ಕಣ್ಣಿಗೂ ಬಾಡಿಗೆದಾರ ಬೀಳೋದು ಅವನು ಮನೆಯೊಳಗೆ ಕಾಲಿಟ್ಟ ಮೇಲೆ. ಜಾತಿಯ ಕಾರಣಕ್ಕೆ ಹೊಸಿಲಾಚೆ ನಿಂತವನ ಬಗ್ಗೆ ಎರಡರಲ್ಲೂ ಮಾತಿಲ್ಲ.

ಹಾಗಂತ ನಮ್ಮ ಕೈ ಬರಿದಲ್ಲ. ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ಬಡಾವಣೆಯಲ್ಲಿ ಒಬ್ಬರು ಮನೆ ಪಡೆಯೋದನ್ನು, ಅಲ್ಲಿ ವಾಸಿಸೋದನ್ನು ತಡೆದರೆ ಅದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಅಪರಾಧ. 'ಜಾತಿಯೇ ಕಾರಣ ಅಂತ ಸಾಬೀತು ಮಾಡೋದು ಹೇಗೆ?' ಅಂತ ಕೈಚೆಲ್ಲೋರು 12ನೇ ಸೆಕ್ಷನ್ ಓದಬೇಕು. ಇಂಥ ಅಪರಾಧ ಪರಿಶಿಷ್ಟ ಜಾತಿಯವರ ವಿರುದ್ಧ ನಡೆದಿದ್ದರೆ, ಬೇರೆ ಕಾರಣ ರುಜುವಾತಾಗುವ ತನಕ, ಅಸ್ಪೃಶ್ಯತೆಯೇ ಕಾರಣ ಅಂತ ಕೋರ್ಟು ಭಾವಿಸಬೇಕು. ಇಳಿಯದ ಆ ಬೋರ್ಡೇ ನಮಗೆ ಸಾಕ್ಷಿ. ತಾರೀಖು ಬರೆದಿಡಿ, ಜೊತೆಗೊಬ್ಬರನ್ನು ಕರೆದೊಯ್ಯಿರಿ.

ಆದರೆ ಒಂದು ಬಾಡಿಗೆ ಮನೆಗಾಗಿ ಪೊಲೀಸ್ ಠಾಣೆ ಮೆಟ್ಟಿಲು ಹತ್ತೋರು ಎಷ್ಟು ಜನ? ಆದ್ದರಿಂದ ಈ ಮಾತು ಬಾಡಿಗೆ ಕಾಯ್ದೆಯಲ್ಲೇ ಬರಬೇಕು: ಜಾತಿ ಕೇಳಿ ಮನೆ ನಿರಾಕರಿಸಿದವನ ಮೇಲಿನ ದೂರನ್ನು ಬಾಡಿಗೆ ತಗಾದೆ ಕೇಳುವ ಅಧಿಕಾರಿಯೇ ಕೇಳಬೇಕು. ಬಾಗಿಲಲ್ಲಿ ನಡೆಯೋ ಅನ್ಯಾಯ ಕಾಣದ ಕಾಯ್ದೆ, ಮಾಲೀಕನ ಕಡೆಯದೇ.